ದಡದ ಮೇಲೆಯೇ ಶಾಫ್ಟ್ ಅಲೈನ್‌ಮೆಂಟ್ ಮುಗಿಸಿದೆವು ಎನ್ನುವವರಿಗೆ ಹಣ ಕೊಡಬೇಡಿ

ಗೋವಾದಲ್ಲಿ ಮಳೆಗಾಲಕ್ಕೆಂದು ದಡಕ್ಕೇರಿಸಿದ ಹಾಯಿದೋಣಿಯನ್ನು ನೀರಿಗಿಳಿಸುವ ಮುನ್ನವೇ ಯಾರಾದರೂ ‘ಶಾಫ್ಟ್ ಅಲೈನ್‌ಮೆಂಟ್ ಆಗಿದೆ’ (ಎಂಜಿನ್ನನ್ನೂ ನೀರಿನಡಿಯ ಫ್ಯಾನ್, ಅಂದರೆ ಪ್ರೊಪೆಲ್ಲರ್, ತಿರುಗಿಸುವ ದಂಡವಾದ ಶಾಫ್ಟನ್ನೂ ಒಂದೇ ನೇರಕ್ಕೆ ತಂದಾಗಿದೆ) ಎಂದು ಬಿಲ್ ಕೊಟ್ಟರೆ, ಆ ಒಂದು ಬಾಬ್ತಿನ ಹಣವನ್ನು ತಡೆಹಿಡಿಯಿರಿ. ಬೋಟ್ ನೀರಿಗಿಳಿದು, ಒಂದೆರಡು ದಿನ ಅಲ್ಲಿ ನಿಂತು, ನಿಮ್ಮ ಕಣ್ಣೆದುರಿಗೇ ಕಪ್ಲಿಂಗ್ (ಶಾಫ್ಟನ್ನು ಗೇರ್ ಬಾಕ್ಸಿಗೆ ಸೇರಿಸುವ ಜೋಡಣೆ) ಬಿಚ್ಚಿ ಅಳೆದ ಮೇಲೆ ಕೊಟ್ಟರೆ ಸಾಕು. ಹಾಗೆ ಮಾಡದ ಕಾರಣ ನಾನೂ ವಾಸ್ಕೊದಲ್ಲಿರುವ ನನ್ನ ಹುಬ್ಬಳ್ಳಿಯ ಗೆಳೆಯರೂ ಸೇರಿ ಕಳೆದುಕೊಂಡದ್ದು ಅರ್ಧ ಲಕ್ಷಕ್ಕೂ ಹೆಚ್ಚು.

ನಮ್ಮದು 28 ಅಡಿಯ ಫೈಬರ್ ಗ್ಲಾಸ್ ಬೋಟ್. ಒಳಗಿರುವುದು ಎರಡು ಸಿಲಿಂಡರಿನ ಸಣ್ಣ ಡೀಸೆಲ್ ಎಂಜಿನ್. ಇಂಥ ಎಂಜಿನ್ ನಿಧಾನಗತಿಯಲ್ಲಿ ಒಂದಿಷ್ಟು ನಡುಗುವುದು ಸಹಜ, ಅದಕ್ಕೆ ಯಾರೂ ತಲೆಕೆಡಿಸಿಕೊಳ್ಳಬೇಕಿಲ್ಲ. ಆದರೆ ಗೇರ್ ಹಾಕಿದ ಕೂಡಲೇ ಕಾಲಡಿಯ ಹಲಗೆಗಳು ಗಡಗಡ ಎನ್ನುವುದು, ನ್ಯೂಟ್ರಲ್‌ಗೆ ತಂದರೆ ಸುಮ್ಮನಾಗುವುದು ಬೇರೆಯೇ ವಿಷಯ. ನಮ್ಮಲ್ಲಿ ಆಗುತ್ತಿದ್ದದ್ದು ಇದೇ. ನ್ಯೂಟ್ರಲ್‌ನಲ್ಲೂ ನಡುಕ ಇದ್ದರೆ ಮೊದಲ ಅನುಮಾನ ಎಂಜಿನ್ ಮತ್ತು ಅದನ್ನು ಹೊತ್ತ ರಬ್ಬರ್ ಮೌಂಟ್‌ಗಳ ಮೇಲೆ. ಗೇರಿನಲ್ಲಿ ಮಾತ್ರ ಬಂದರೆ ಶಾಫ್ಟ್, ಕಪ್ಲಿಂಗ್, ನೀರಿನಡಿಯ ಬೇರಿಂಗ್ ಮತ್ತು ಫ್ಯಾನ್ ಮೇಲೆ. ಫ್ಯಾನಿನ ಒಂದು ಎಲೆಗೆ ಮಾತ್ರ ಬಾರ್ನಕಲ್ ಎಂಬ ಕಡಲಜೀವಿಯ ಚಿಪ್ಪು ಹತ್ತಿದ್ದರೂ, ತುಂಡು ಬಲೆ ಸುತ್ತಿಕೊಂಡಿದ್ದರೂ ಹೀಗೆಯೇ ಆಗುತ್ತದೆ. ಕಾಸು ಖರ್ಚಿಲ್ಲದ ಈ ವಿಚಾರಣೆಯನ್ನು ಬೋಟ್ ದುರಸ್ತಿ ಯಾರ್ಡಿನ ಮೆಕ್ಯಾನಿಕ್ ಮಾಡಲೇ ಇಲ್ಲ. ಮೌಂಟ್‌ಗಳ ನಟ್ಟು ಸಡಿಲಿಸಿ, ಎಂಜಿನ್ನನ್ನು ಕಣ್ಣಳತೆಯಲ್ಲಿ ಅತ್ತಿತ್ತ ಸರಿಸಿ, ಮತ್ತೆ ಬಿಗಿದು, ಶಾಫ್ಟನ್ನು ಕೈಯಲ್ಲಿ ತಿರುಗಿಸಿ ತೋರಿಸಿದರು. “ನೋಡಿ ಸರ್, ಬೆಣ್ಣೆಯಿಂದ ಕೂದಲು ತೆಗೆದ ಹಾಗಿದೆ.”

ದಡದಲ್ಲಿ ಅದು ಹಾಗೆಯೇ ತಿರುಗಬಹುದು. ಮೇಲೆ ನಿಲ್ಲಿಸಿದ ಬೋಟಿನ ಭಾರವೆಲ್ಲ ಕೀಲ್ (ತಳದ ನಡುದಿಂಡು) ಮತ್ತು ಅಕ್ಕಪಕ್ಕದ ನಾಲ್ಕಾರು ಆಸರೆಗಳ ಮೇಲೆ ಕುಳಿತಿರುತ್ತದೆ. ನೀರಿನಲ್ಲಾದರೆ ಅದೇ ಭಾರವನ್ನು ಇಡೀ ಹೊಟ್ಟೆಯುದ್ದಕ್ಕೂ ನೀರು ಹೊರುತ್ತದೆ. ಜೊತೆಗೆ ಕೂವೆಯ (ಹಾಯಿಕಂಬದ) ಹಿಂದಿನ ತಂತಿಯನ್ನು ಬಿಗಿದರೆ ಬೋಟಿನ ಹಿಂಭಾಗ ಕೂದಲೆಳೆಯಷ್ಟು ಮೇಲಕ್ಕೆ ಜಗ್ಗುತ್ತದೆ. ಫೈಬರ್ ಬೋಟಿನಲ್ಲಿ ಎಂಜಿನ್ ಕೂರುವ ಜಾಗಕ್ಕೂ ಶಾಫ್ಟ್ ಹೊರಹೋಗುವ ಕೊಳವೆಗೂ ನಡುವಿನ ಲೆಕ್ಕ ತಪ್ಪಲು ಇಷ್ಟು ಸಾಕು. ಇಲ್ಲಿ ಲೆಕ್ಕವಿರುವುದು ಮಿಲಿಮೀಟರಿನ ಹತ್ತನೇ ಒಂದು ಭಾಗದಲ್ಲಿ.

ಅಷ್ಟಕ್ಕೇ ನಿಲ್ಲದೆ ಯಾರ್ಡಿನವರು ನಮಗೆ ಹೊಸ ಮೌಂಟ್‌ಗಳನ್ನೂ ಒಂದು ರಬ್ಬರ್ ಕಪ್ಲಿಂಗನ್ನೂ ಮಾರಿದರು. ಇದನ್ನು ಹಾಕಿದರೆ ಅಲೈನ್‌ಮೆಂಟ್‌ನ ಚಿಂತೆಯೇ ಇಲ್ಲ ಎಂಬುದು ಅವರ ವಾದ. ಇದು ಶುದ್ಧ ಸುಳ್ಳು. ರಬ್ಬರ್ ಕಪ್ಲಿಂಗ್ ಸದ್ದನ್ನೂ ಗೇರಿನ ಹೊಡೆತವನ್ನೂ ತಗ್ಗಿಸುತ್ತದೆ, ಓರೆಯಾದ ಶಾಫ್ಟನ್ನು ನೇರ ಮಾಡುವುದಿಲ್ಲ. ಓರೆ ಇದ್ದಷ್ಟು ದಿನ ಬೇರಿಂಗ್ ಸವೆಯುತ್ತಲೇ ಇರುತ್ತದೆ, ನಮಗೆ ಕೇಳಿಸುವುದು ಕಡಿಮೆಯಾಗುತ್ತದೆ ಅಷ್ಟೆ. ಇನ್ನು ಹೊಸ ಮೌಂಟ್‌ಗಳ ರಬ್ಬರ್ ಎಂಜಿನ್ನಿನ ಭಾರಕ್ಕೆ ಕೆಲವು ವಾರ ಕುಸಿಯುತ್ತಾ ಹೋಗುತ್ತದೆ, ಆಮೇಲೆ ಮತ್ತೊಮ್ಮೆ ಅಳೆಯಲೇಬೇಕು. ಇದನ್ನೂ ಅವರು ಹೇಳಲಿಲ್ಲ.

ಅಕ್ಟೋಬರಿನಲ್ಲಿ ಮಾಂಡೋವಿ ನದಿಗೆ ಇಳಿಸಿ ಅಗ್ವಾದದ ಕಡೆ ಹೊರಟಾಗ ನಡುಕ ಮೊದಲಿಗಿಂತ ಹೆಚ್ಚಾಗಿತ್ತು. ಯಾರ್ಡಿಗೆ ಫೋನ್ ಮಾಡಿದರೆ, ಗ್ಲ್ಯಾಂಡಿನ (ಶಾಫ್ಟ್ ಹೊರಹೋಗುವಲ್ಲಿ ನೀರು ತಡೆಯುವ ಬಿಗಿಪಟ್ಟು) ನಟ್ಟು ಇನ್ನೊಂದು ಸುತ್ತು ಬಿಗಿಯಿರಿ ಎಂದರು. ಹಳೆಯ ಬಗೆಯ ಪ್ಯಾಕಿಂಗ್ (ಒಳಗೆ ತುರುಕಿದ ಹುರಿ) ಇರುವ ಗ್ಲ್ಯಾಂಡಿನಲ್ಲಿ ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಒಂದೆರಡು ಹನಿ ನೀರು ಜಿನುಗಬೇಕು, ಅದೇ ಅದರ ತಂಪು. ಬಿಗಿದದ್ದೇ ತಡ, ಹನಿ ನಿಂತಿತು, ಗ್ಲ್ಯಾಂಡ್ ಕೈ ಇಡಲಾಗದಷ್ಟು ಕಾದಿತು, ಪ್ಯಾಕಿಂಗ್ ಸುಟ್ಟ ವಾಸನೆ ಬಂತು. ಆಮೇಲೆ ನೀರು ಹನಿಯಾಗಿ ಅಲ್ಲ, ಧಾರೆಯಾಗಿಯೇ ಒಳಗೆ ಬಂತು. ಎಂಜಿನ್ ಆರಿಸಿ, ಹಾಯಿ ಏರಿಸಿ, ಅದಿರಿನ ಬಾರ್ಜ್‌ಗಳ ದಾರಿ ಬಿಟ್ಟು ಲಂಗರು ಹಾಕುವಷ್ಟರಲ್ಲಿ ಒಳಗಿನ ಹಲಗೆ ಒದ್ದೆಯಾಗಿತ್ತು. ಅಂದು ಗಾಳಿ ಇಲ್ಲದೆ ಇಳಿತ ಜೋರಾಗಿದ್ದರೆ ಏನಾಗುತ್ತಿತ್ತೋ!

ಸರಿಮಾಡಿದವರು ಮಾಲಿಮ್ ದಕ್ಕೆಯಲ್ಲಿ ಮೀನುಗಾರಿಕೆ ಬೋಟ್‌ಗಳ ಎಂಜಿನ್ ನೋಡುವ ಅಂಕೋಲೆಯ ಮೇಸ್ತ್ರಿಯೊಬ್ಬರು. ಅವರ ಮೊದಲ ಪ್ರಶ್ನೆ, “ಅಳತೆ ಬರೆದುಕೊಟ್ಟಿದ್ದಾರಾ?” ಇಲ್ಲ ಎಂದಾಗ ನಕ್ಕುಬಿಟ್ಟರು. ಶಾಫ್ಟ್ ಜಾರಿ ಹೊರಹೋಗದಂತೆ ಒಳಗಡೆ ಒಂದು ಕ್ಲಿಪ್ ಬಿಗಿದ ಮೇಲೆಯೇ ಕಪ್ಲಿಂಗ್ ಬಿಚ್ಚಿದರು. ಬಿಚ್ಚಿದ ಶಾಫ್ಟ್ ತನ್ನದೇ ಭಾರಕ್ಕೆ ಬಾಗುತ್ತದೆಯಲ್ಲ, ಅದಕ್ಕೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಮೇಲಿನಿಂದ ಕಟ್ಟಿ, ಆಸರೆಯಿಲ್ಲದ ಶಾಫ್ಟಿನ ಅರ್ಧ ಭಾರ ಮತ್ತು ಅದರ ತುದಿಯ ಫ್ಲ್ಯಾಂಜಿನ (ಕಪ್ಲಿಂಗಿನ ಚಪ್ಪಟೆ ಬಿಲ್ಲೆ) ಪೂರ್ತಿ ಭಾರವನ್ನು ಲೆಕ್ಕ ಹಾಕಿ ಅಷ್ಟೇ ಎತ್ತಿ ಹಿಡಿದರು. ಆಮೇಲೆ ಎರಡು ಫ್ಲ್ಯಾಂಜ್‌ಗಳನ್ನು ಹತ್ತಿರ ತಂದು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿದರು. ನಮ್ಮದು 100 ಮಿಲಿಮೀಟರ್ ಅಗಲದ ಫ್ಲ್ಯಾಂಜ್. ಇಷ್ಟಗಲಕ್ಕೆ ಎದುರುಬದುರು ಸಂದಿನ ವ್ಯತ್ಯಾಸ 0.1 ಮಿಲಿಮೀಟರ್ ಮೀರಬಾರದು. ನಮ್ಮಲ್ಲಿ ಮೇಲೆ 0.15, ಕೆಳಗೆ 0.6 ಇತ್ತು.

ಅವರು ಮಾಡಿದ ಇನ್ನೊಂದು ಕೆಲಸವನ್ನು ನೀವೂ ಕೇಳಿ ಮಾಡಿಸಿಕೊಳ್ಳಿ. ಗೇರ್ ಬಾಕ್ಸಿನ ಫ್ಲ್ಯಾಂಜನ್ನು ಹಾಗೆಯೇ ಬಿಟ್ಟು ಶಾಫ್ಟನ್ನು ಮಾತ್ರ ಕಾಲು ಸುತ್ತು ತಿರುಗಿಸಿ ಮತ್ತೆ ಅಳೆದರು. ದೊಡ್ಡ ಸಂದು ಶಾಫ್ಟಿನ ಜೊತೆಗೇ ತಿರುಗಿದರೆ ಶಾಫ್ಟ್ ಬಾಗಿದೆ ಅಥವಾ ಅದರ ಫ್ಲ್ಯಾಂಜ್ ಸೊಟ್ಟಗಿದೆ ಎಂದರ್ಥ, ಆಗ ಎಂಜಿನ್ನನ್ನು ಎಷ್ಟು ಸರಿಸಿದರೂ ವ್ಯರ್ಥ. ಇದ್ದಲ್ಲೇ ಇದ್ದರೆ ಎಂಜಿನ್ನಿನ ಸ್ಥಾನವೇ ತಪ್ಪಿದೆ. ನಮ್ಮದು ಇದ್ದಲ್ಲೇ ಇತ್ತು. ಮೌಂಟ್‌ಗಳ ನಟ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಪೂರ್ತಿ ಬಿಗಿದ ಮೇಲೆ ಮರು ಅಳೆಯುತ್ತಾ ಸಂಜೆಯವರೆಗೆ ಕೂತರು. ಬಿಗಿಯುವಾಗಲೇ ಅಳತೆ ಜರುಗುವುದನ್ನು ಕಣ್ಣಾರೆ ಕಂಡೆ. ಕೊನೆಗೆ ವ್ಯತ್ಯಾಸ 0.08ಕ್ಕೆ ಬಂತು. ನಾಲ್ಕೂ ಬದಿಯ ಅಂಕಿಗಳನ್ನು ಎಂಜಿನ್ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಮಾರ್ಕರಿನಲ್ಲಿ ಬರೆದು ದಿನಾಂಕ ಹಾಕಿದರು. ಕೂಲಿ ಯಾರ್ಡಿನ ಬಿಲ್ಲಿನ ಕಾಲುಭಾಗವೂ ಆಗಲಿಲ್ಲ.

ಈಗ ಗೇರ್ ಹಾಕಿದರೆ ಹಲಗೆಗಳು ಸುಮ್ಮನಿವೆ. ಸುಟ್ಟ ಪ್ಯಾಕಿಂಗ್ ಉಜ್ಜಿ ಶಾಫ್ಟಿನ ಮೇಲೆ ಬಿದ್ದ ಗೀರು ಮಾತ್ರ ಹೋಗುವಂಥದ್ದಲ್ಲ. ಹೊಸ ಪ್ಯಾಕಿಂಗ್ ಹಾಕಿದರೂ ಹನಿ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ. ಮುಂದಿನ ಮೇ ತಿಂಗಳಲ್ಲಿ ಬೋಟ್ ಮೇಲೇರಿದಾಗ ಶಾಫ್ಟನ್ನೇ ಬದಲಿಸಬೇಕು. ಯಾರ್ಡಿನವರನ್ನು ಹಣ ವಾಪಸ್ ಕೇಳಿದಾಗ, ನಾವು ಬಿಟ್ಟುಕೊಟ್ಟಾಗ ಶಾಫ್ಟ್ ಕೈಯಲ್ಲಿ ತಿರುಗುತ್ತಿತ್ತು ಎಂದು ಬರೆದು ಕಳಿಸಿದ್ದಾರೆ.