ಗಂಜ್ ನಡೆಯುತ್ತಿರುವಾಗಲೇ ಬ್ಯಾಕಪ್: ಎಕ್ಸ್‌ಟ್ರಾಬ್ಯಾಕಪ್ ಹೇಗಿದೆ?

ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಹತ್ತಿ ಸೀಸನ್ ಶುರುವಾಯಿತೆಂದರೆ ನಮ್ಮ ಅಡತ್ ಅಂಗಡಿಯ ಕಂಪ್ಯೂಟರಿಗೆ ಬಿಡುವೇ ಇಲ್ಲ. ತೂಕ, ಹಮಾಲಿ, ಪಟ್ಟಿ, ರೈತರ ಮುಂಗಡ ಎಲ್ಲವೂ ಒಂದೇ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ. 'ಸ್ವಲ್ಪ ಬಂದ್ ಮಾಡ್ರಿ, ಬ್ಯಾಕಪ್ ತಗೋತೀನಿ' ಅಂದರೆ ಸಾಹುಕಾರರು ಒಪ್ಪುತ್ತಾರಾ? ಹಾಗಾಗಿ ಡೇಟಾಬೇಸ್ ಬಂದ್ ಮಾಡದೆಯೇ ಬ್ಯಾಕಪ್ ತೆಗೆಯುವ ಪರ್ಕೋನಾ ಎಕ್ಸ್‌ಟ್ರಾಬ್ಯಾಕಪ್ ಎಂಬ ಸಾಫ್ಟ್‌ವೇರ್ ಹಾಕಿದೆ. ಪುಕ್ಕಟೆ ಸಿಗುತ್ತದೆ. ಕೆಲವು ಸೀಸನ್‌ಗಳಿಂದ ಬಳಸುತ್ತಿದ್ದೇನೆ.

ಓಡುತ್ತಿರುವ ಡೇಟಾಬೇಸ್‌ನ ಫೈಲನ್ನು ಸುಮ್ನೆ ಕಾಪಿ ಹೊಡೆದರೆ ಒಂದಷ್ಟು ಹಳೆಯದು, ಒಂದಷ್ಟು ಹೊಸದು ಬೆರೆತು ಕೆಡುತ್ತದೆ. ಇದೂ ಫೈಲನ್ನೇ ಕಾಪಿ ಮಾಡುತ್ತದೆ, ಆದರೆ ಜೊತೆಜೊತೆಗೆ ರೀಡೂ ಲಾಗನ್ನೂ (ಡೇಟಾಬೇಸ್ ತನ್ನ ಬದಲಾವಣೆಗಳನ್ನು ಬರೆದಿಡುವ ದಾಖಲೆ) ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ 'ಪ್ರಿಪೇರ್' ಕೊಟ್ಟರೆ ಲಾಗ್‌ನಲ್ಲಿರುವ ಬದಲಾವಣೆಗಳನ್ನು ಸೇರಿಸಿ, ಅರ್ಧಕ್ಕೆ ನಿಂತ ವಹಿವಾಟನ್ನು ತೆಗೆದುಹಾಕುತ್ತದೆ. ಬ್ಯಾಕಪ್ ನಡೆಯುವಾಗ ಹಾಕಿದ ಪಟ್ಟಿಯೂ ಅದರಲ್ಲಿ ಬರುತ್ತದೆ, ಅದೇ ನನಗೆ ಹಿಡಿಸಿದ್ದು. ಮೈಎಸ್‌ಕ್ಯೂಎಲ್ ಜೊತೆಗೇ ಬರುವ ಬ್ಯಾಕಪ್ ಕಮಾಂಡ್ ಮೈಎಸ್‌ಕ್ಯೂಎಲ್‌ಡಂಪ್‌ಗೆ 'ಸಿಂಗಲ್ ಟ್ರಾನ್ಸಾಕ್ಷನ್' ಆಯ್ಕೆ ಹಾಕಿ ತೆಗೆದರೆ, ಬ್ಯಾಕಪ್ ಶುರುವಾದ ಹೊತ್ತಿನ ಲೆಕ್ಕವಷ್ಟೇ ಸಿಗುತ್ತದೆ.

ಆದರೆ ಇದೆಲ್ಲ ಇನ್ನೋಡಿಬಿ (ಮೈಎಸ್‌ಕ್ಯೂಎಲ್ ಟೇಬಲ್‌ನ ಡೇಟಾ ಇಡುವ ಒಂದು ಬಗೆ) ಟೇಬಲ್‌ಗೆ ಮಾತ್ರ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದವರು ತೂಕದ ಚೀಟಿಯ ಟೇಬಲನ್ನು ಹಳೆಯ ಬಗೆಯಾದ ಮೈಐಸ್ಯಾಮ್‌ನಲ್ಲೇ ಬಿಟ್ಟಿದ್ದರು. ಅಂಥ ಟೇಬಲ್ ಕಾಪಿ ಮಾಡುವಾಗ ಇಡೀ ಸರ್ವರ್‌ಗೆ ರೀಡ್ ಲಾಕ್ ಬೀಳುತ್ತದೆ, ಅಂದರೆ ಓದಬಹುದು, ಹೊಸದೇನೂ ಬರೆಯಲಾಗದು. ಒಮ್ಮೆ ಅದೇ ಹೊತ್ತಿಗೆ ಗುಮಾಸ್ತರು ಇಡೀ ವರ್ಷದ ಖಾತೆ ರಿಪೋರ್ಟ್ ತೆಗೆಯುತ್ತಿದ್ದರು. ರಿಪೋರ್ಟ್ ಮುಗಿಯಲಿ ಅಂತ ಲಾಕ್ ಕಾಯಿತು, ಲಾಕ್ ಬಿಡಲಿ ಅಂತ ಕೌಂಟರ್‌ನವರು ಕಾದರು. ಕಾಟಾ ಹತ್ತಿರ ನಿಂತಿದ್ದ ಹಮಾಲರು ಒಳಗೇ ಬಂದುಬಿಟ್ಟರು: 'ಏನ್ರೀ ಸರ, ಚೀಟಿ ಬರಾಂಗಿಲ್ಲೇನು?' ಟೇಬಲನ್ನು ಇನ್ನೋಡಿಬಿಗೆ ಬದಲಿಸಿದ ಮೇಲೆ ಆ ಕಾಟ ತಪ್ಪಿತು. ನೀವು ಹಾಕುವ ಮುಂಚೆ ಯಾವ ಟೇಬಲ್ ಯಾವುದರಲ್ಲಿದೆ ನೋಡಿಕೊಳ್ಳಿ.

ಬ್ಯಾಕಪ್ ನಡೆಯುವಾಗ ತೆರೆ ಮೇಲೆ ಬರುವ ಸಂದೇಶಗಳ ಕೊನೆಯಲ್ಲಿ 'ಕಂಪ್ಲೀಟೆಡ್ ಓಕೆ!' ಇಲ್ಲದಿದ್ದರೆ ಆ ಬ್ಯಾಕಪ್ ಲೆಕ್ಕಕ್ಕಿಲ್ಲ. ಇದ್ದರೂ ನಾನು ಆಗಾಗ ಒಂದು ಹಳೆ ಮಶೀನಿನಲ್ಲಿ ರಿಸ್ಟೋರ್ ಮಾಡಿ ಆ ದಿನದ ರೋಕಡ ತಾಳೆ ನೋಡುತ್ತೇನೆ. ಇದುವರೆಗೆ ಒಂದು ರೂಪಾಯಿ ಹೆಚ್ಚುಕಮ್ಮಿ ಬಂದಿಲ್ಲ. ವರ್ಷನ್ ಮಾತ್ರ ಹೊಂದಬೇಕು: ಮೈಎಸ್‌ಕ್ಯೂಎಲ್ 5.7ಕ್ಕೆ ಎಕ್ಸ್‌ಟ್ರಾಬ್ಯಾಕಪ್ 2.4, 8.0ಕ್ಕೆ 8.0. ಸರ್ವರ್ ಮಾತ್ರ ಅಪ್‌ಡೇಟ್ ಆಗಿ ಮುಂದೆ ಹೋದರೆ ಇದು ಕೆಲಸ ಮಾಡಲು ಒಪ್ಪದೇ ಇರಬಹುದು.

ವಿಂಡೋಸ್ ಸರ್ವರ್ ಇದ್ದವರಿಗೆ ಇದು ಆಗಿಬರುವುದಿಲ್ಲ. ಡೇಟಾ ಕಡಿಮೆ ಇದ್ದರೆ ಡಂಪ್ ಸಾಕು, ಇಷ್ಟೆಲ್ಲ ಉಸಾಬರಿ ಬೇಡ.

ಐದಕ್ಕೆ ನಾಲ್ಕು ಕೊಡುತ್ತೇನೆ. ರಿಸ್ಟೋರ್ ಪೂರ್ತಿ ಕಮಾಂಡ್ ಹೊಡೆದೇ ಆಗಬೇಕು. ನಾನು ಊರಲ್ಲಿಲ್ಲದ ದಿನ ಗುಮಾಸ್ತರ ಕೈಲಿ ಅದು ಆಗುವುದಿಲ್ಲ. ಒಂದು ಅಂಕ ಹೋಗಿದ್ದು ಅದಕ್ಕೆ.