ಅಮ್ಮನ ಆಪರೇಷನ್: ಅರಿವಳಿಕೆ ವಿಭಾಗಕ್ಕೆ ಐದು ಸ್ಟಾರ್, ಬಿಲ್ ಕೌಂಟರಿಗೆ ಎರಡು

ಅಮ್ಮನ ಪಿತ್ತಕೋಶದ ಕಲ್ಲಿಗೆ ಮಂಗಳೂರಿನ ಈ ಆಸ್ಪತ್ರೆಯಲ್ಲೇ ಲ್ಯಾಪ್ರೋಸ್ಕೋಪಿ ಮಾಡಿಸಿದೆವು. ಸರ್ಜನ್ ಒಳ್ಳೆಯವರು, ಅದು ಊರಿಗೇ ಗೊತ್ತು. ನಾನು ಬರೆಯಬೇಕಾದ್ದು ಅರಿವಳಿಕೆ ಡಾಕ್ಟರ್ ಬಗ್ಗೆ. ಅವರನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಅಲ್ವಾ?

ಆಪರೇಷನ್ನಿಗೆ ಮುಂಚಿನ ತಪಾಸಣೆಯನ್ನು ಸುಮ್ನೆ ಬಿಪಿ ನೋಡಿ ಮುಗಿಸಲಿಲ್ಲ. ಅಮ್ಮನ ಹತ್ತಿರ ತುಳುವಿನಲ್ಲೇ ಮಾತಾಡಿದರು. ಬಾಯಿ ತೆರೆಸಿ ಅಲ್ಲಾಡುವ ಹಲ್ಲು ಯಾವುದು ಅಂತ ಮುಟ್ಟಿ ನೋಡಿದರು, ಕುತ್ತಿಗೆ ಹಿಂದಕ್ಕೆ ಬಗ್ಗಿಸಲು ಹೇಳಿದರು. ಆಮೇಲೆ ಮಾತ್ರೆಯ ಚೀಲವನ್ನು ಮೇಜಿನ ಮೇಲೆ ಸುರಿಯಲು ಹೇಳಿದರು. ಮೊಣಗಂಟು ನೋವಿಗೆ ತಿನ್ನುತ್ತಿದ್ದ ಟ್ರಮಡಾಲ್ ಕಣ್ಣಿಗೆ ಬಿದ್ದದ್ದೇ ತಡ, ಎಷ್ಟು ಸಮಯದಿಂದ, ದಿನಕ್ಕೆ ಎಷ್ಟು, ಕೊನೆಯದು ಯಾವಾಗ ಅಂತ ಬಿಡದೆ ಕೇಳಿದರು.

ಅದರಲ್ಲೇನು ವಿಶೇಷ ಅಂತ ಕೇಳಿದ್ದಕ್ಕೆ ನಮ್ಮನ್ನು ಕೂರಿಸಿ ವಿವರಿಸಿದರು. ಮಂಪರು ಉಳಿಸುವುದು ಉಸಿರಿನ ಜೊತೆ ಹೋಗುವ ಸೆವೊಫ್ಲುರೇನ್ ಎಂಬ ಗ್ಯಾಸ್. 40 ವರ್ಷದವರಿಗೆ ಅದೊಂದನ್ನೇ ಕೊಟ್ಟರೆ, ಶ್ವಾಸಕೋಶದಲ್ಲಿ ಸುಮಾರು 2% ಇದ್ದಾಗ ನೂರರಲ್ಲಿ ಐವತ್ತು ಜನ ಚಾಕು ತಾಗಿದರೂ ಅಲುಗುವುದಿಲ್ಲ. ವಯಸ್ಸಾದ ಹಾಗೆ ಅಷ್ಟೂ ಬೇಡ, ಹತ್ತು ವರ್ಷಕ್ಕೆ 6% ಹತ್ತಿರ ಕಡಿಮೆಯಾಗುತ್ತದಂತೆ. ಇದರ ಜೊತೆ ನರಕ್ಕೆ ಫೆಂಟನಿಲ್ ಕೊಟ್ಟರೆ, ಅದು ಟ್ರಮಡಾಲ್‌ನ ಹಾಗೆ ಓಪಿಯಾಯ್ಡ್ (ಅಫೀಮಿನಂಥ ನೋವಿನ ಮದ್ದು) ಜಾತಿಯದ್ದೇ, ಆದರೆ ಬಹಳ ಜೋರು, ಗ್ಯಾಸಿನ ಅಗತ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು. ಗ್ಯಾಸ್ ಜಾಸ್ತಿಯಾದರೆ ಬಿಪಿ ಬೀಳುತ್ತದೆ, ಹಾಗಾಗಿ ಅಮ್ಮನಂಥವರಿಗೆ ಇದು ದೊಡ್ಡ ಅನುಕೂಲ.

ಹಾಗಾದರೆ ಫೆಂಟನಿಲ್ಲನ್ನೇ ಜಾಸ್ತಿ ಕೊಟ್ಟು ಗ್ಯಾಸ್ ನಿಲ್ಲಿಸಬಹುದಲ್ಲ ಅಂತ ತಮ್ಮ ಕೇಳಿದ. ಆಗುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ ಎಷ್ಟು ಸುರಿದರೂ ಗ್ಯಾಸಿನ ಅಗತ್ಯ ಇನ್ನು ಇಳಿಯುವುದಿಲ್ಲ. ಅದು ನೋವನ್ನು ಅಡಗಿಸುತ್ತದೆ, ನಿದ್ದೆಗೆ ಗ್ಯಾರಂಟಿ ಇಲ್ಲ. ಮೈ ಅಲುಗದೆ ಒಳಗೆ ಎಚ್ಚರ ಇರುವ ಅಪಾಯ ತಪ್ಪಿಸಲು ಗ್ಯಾಸನ್ನು ತೀರಾ ಇಳಿಸಬಾರದು. ಗ್ಯಾಸ್, ಫೆಂಟನಿಲ್ ಎರಡೂ ಸೇರಿದಾಗ ಉಸಿರಾಟವನ್ನೂ ಕುಗ್ಗಿಸುತ್ತವೆ, ಅದಕ್ಕೇ ಮುಗಿಯುವ ಹೊತ್ತಿಗೆ ಎಷ್ಟು ಓಪಿಯಾಯ್ಡ್ ಮೈಯಲ್ಲಿ ಉಳಿದಿರುತ್ತದೆ ಎಂಬ ಲೆಕ್ಕ ಮುಖ್ಯ. ದಿನಾ ಟ್ರಮಡಾಲ್ ತಿಂದ ಮೈಗೆ ಆ ಲೆಕ್ಕವೇ ಬೇರೆ ಆಗಬಹುದು.

ಆಪರೇಷನ್ ಮುಗಿದ ಮೇಲೂ ಬೆರಳಿಗೆ ಕ್ಲಿಪ್, ಮೂಗಿಗೆ ಆಕ್ಸಿಜನ್ ಹಾಕಿ ರಿಕವರಿಯಲ್ಲಿ ಇಟ್ಟುಕೊಂಡರು. ನರ್ಸ್ ಒಬ್ಬರು ಪಕ್ಕದಲ್ಲೇ ನಿಂತು ಉಸಿರು ಎಣಿಸುತ್ತಿದ್ದರು. ಎರಡು ಮದ್ದಿಗೂ ವಾಕರಿಕೆ ಬರುವ ಗುಣ ಇದೆಯಂತೆ, ಮೊದಲೇ ಒಂಡಾನ್ಸೆಟ್ರಾನ್ ಕೊಟ್ಟಿದ್ದರು. ಅಮ್ಮನಿಗೆ ಸ್ವಲ್ಪ ಹೊಟ್ಟೆ ತೊಳಸಿತು, ವಾಂತಿ ಆಗಲಿಲ್ಲ. ಮರುದಿನ ಗಂಜಿ ತೆಳಿ ಕುಡಿದರು.

ಬಿಲ್ ಕೌಂಟರ್ ಮಾತ್ರ ಬೇಸರ. ಇನ್ಶೂರೆನ್ಸ್ ಒಪ್ಪಿಗೆಗೆ ಅಂತ ಡಿಸ್ಚಾರ್ಜ್ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಕಾಯಿಸಿದರು, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಅಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಅರಿವಳಿಕೆಯ ಒಪ್ಪಿಗೆ ಪತ್ರವೂ ಬರೀ ಇಂಗ್ಲಿಷಿನಲ್ಲಿದೆ, ಕನ್ನಡದ್ದು ದಯವಿಟ್ಟು ಮಾಡಿಸಿ. ಇಲ್ಲಿಗೆ ಹೋಗುವವರು ಮನೆಯಲ್ಲಿರುವ ನೋವಿನ ಮಾತ್ರೆಗಳ ಸ್ಟ್ರಿಪ್ ಎಲ್ಲಾ ತಪಾಸಣೆಯ ದಿನವೇ ತೆಗೆದುಕೊಂಡು ಹೋಗಿ, ಮೆಡಿಕಲಿನವರು ಚೀಟಿ ಇಲ್ಲದೆ ಕೊಟ್ಟದ್ದನ್ನೂ ಸೇರಿಸಿ.