ಕಾಸರಗೋಡಿನ ಜಾಲತಾಣಕ್ಕೆ ಸಂದೇಶಗಳು: ಪಿಒ ಫೈಲೋ, ಡೇಟಾಬೇಸೋ?

ಇಲ್ಲಿನ ಸಹಕಾರಿ ಸಂಘಕ್ಕೋ ಪಂಚಾಯತಿಗೋ ಜಾಂಗೋದಲ್ಲಿ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಜಾಲತಾಣ ಕಟ್ಟುವುದಾದರೆ ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರೂ ಬೇಕು. ‘ಅರ್ಜಿ ಸ್ವೀಕರಿಸಲಾಗಿದೆ’ ಎಂಬಂಥ ಸಾಲುಗಳನ್ನು ಎಲ್ಲಿಡುವುದು?

ಬಟನ್, ಫಾರ್ಮ್, ಎರರ್ ಸಂದೇಶಗಳಿಗೆ ಪಿಒ ಫೈಲೇ (ಮೂಲ ಸಾಲು, ಅದರ ಅನುವಾದ ಜೋಡಿಯಾಗಿರುವ ಪಠ್ಯ ಕಡತ) ಸರಿ. ಕೋಡಿನಲ್ಲಿರುವ ಸಂದೇಶದ ಸಾಲನ್ನು ಅನುವಾದ ಹುಡುಕಿಕೊಡುವ ಫಂಕ್ಷನ್ ಆದ ಗೆಟ್‌ಟೆಕ್ಸ್ಟ್‌ಗೆ ಕೊಟ್ಟು, ಅಂಥ ಸಾಲುಗಳನ್ನು ಪಿಒ ಫೈಲಿಗೆ ತರುವ ಮೇಕ್‌ಮೆಸೇಜಸ್ ಓಡಿಸಿ, ಅನುವಾದ ತುಂಬಿ, ಅದನ್ನು ಸರ್ವರ್ ಓದುವ ರೂಪಕ್ಕೆ ತರುವ ಕಂಪೈಲ್‌ಮೆಸೇಜಸ್ ಮಾಡಿ, ಸರ್ವರ್ ರೀಸ್ಟಾರ್ಟ್ ಮಾಡಿ. ಅನುವಾದ ಮೆಮೊರಿಯಲ್ಲೇ ಇರುವುದರಿಂದ ಡೇಟಾಬೇಸ್ ಕ್ವೆರಿಯ ಹೊರೆಯಿಲ್ಲ. ಹೆಚ್ಚಿನವರು ಎಡವುವುದು ‘ಫಜಿ’ ಗುರುತಿನಲ್ಲಿ. ಮೂಲ ಸಾಲು ತುಸು ಬದಲಾದರೆ ಹಳೆಯ ಅನುವಾದವನ್ನೇ ಅಂದಾಜಿನ ಮೇಲೆ ಅಂಟಿಸಿ ಆ ಗುರುತು ಬೀಳುತ್ತದೆ. ಸಾಲನ್ನು ತಿದ್ದಿ ಗುರುತು ಅಳಿಸದಿದ್ದರೆ ಕಂಪೈಲ್ ಅದನ್ನು ಬಿಟ್ಟುಬಿಡುತ್ತದೆ, ಕನ್ನಡ ಪುಟದ ನಡುವೆ ಇಂಗ್ಲಿಷ್ ಇಣುಕುತ್ತದೆ. ಗೆಟ್‌ಟೆಕ್ಸ್ಟ್‌ನೊಳಗೆ ಎಫ್-ಸ್ಟ್ರಿಂಗ್ (ಮೌಲ್ಯಗಳನ್ನು ಒಳಗೇ ತುಂಬಿಬಿಡುವ ಪೈಥಾನ್ ಪಠ್ಯ) ಬಳಸಲೇಬೇಡಿ. ಹೆಸರಿರುವ ಪ್ಲೇಸ್‌ಹೋಲ್ಡರ್ (ಮೌಲ್ಯ ಆಮೇಲೆ ಬರುವ ಜಾಗ) ಇಡಿ. ಪದಗಳ ಕ್ರಮ ನಮ್ಮಲ್ಲಿ ಬೇರೆ ತಾನೆ! ಮಾಡೆಲ್ ಲೇಬಲ್‌ಗಳಿಗೆ (ಡೇಟಾ ಕ್ಷೇತ್ರಗಳ ಹೆಸರು) ತೋರಿಸುವ ಹೊತ್ತಿಗೆ ಅನುವಾದಿಸುವ ಗೆಟ್‌ಟೆಕ್ಸ್ಟ್_ಲೇಜಿ.

ಡೇಟಾಬೇಸ್ ಟೇಬಲ್‌ನ ಲಾಭ ಒಂದೇ, ಆದರೆ ದೊಡ್ಡದು: ಕಚೇರಿಯವರೇ ಅಡ್ಮಿನ್‌ನಲ್ಲಿ ಪಠ್ಯ ತಿದ್ದಬಹುದು. ಕೀ, ಭಾಷೆ, ಪಠ್ಯ ಎಂದು ಮೂರು ಕಾಲಂ. ಕೀ ಮತ್ತು ಭಾಷೆ ಸೇರಿ ಯೂನಿಕ್. ಒಂದು ಭಾಷೆಯ ಸಾಲುಗಳನ್ನೆಲ್ಲ ಒಟ್ಟಿಗೆ ಕ್ಯಾಶ್‌ಗೆ (ತಾತ್ಕಾಲಿಕ ಸಂಗ್ರಹ) ತನ್ನಿ, ಪಠ್ಯ ಸೇವ್ ಆದಾಗ ಆ ಕ್ಯಾಶ್ ಅಳಿಸಿ. ಲೋಕಲ್ ಮೆಮೊರಿ ಕ್ಯಾಶ್ ಆದರೆ ಒಂದೊಂದು ವರ್ಕರ್ (ಸರ್ವರ್‌ನ ಪ್ರಕ್ರಿಯೆ) ಒಂದೊಂದು ಪಠ್ಯ ತೋರಿಸೀತು, ಎಲ್ಲ ವರ್ಕರ್‌ಗಳೂ ಹಂಚಿಕೊಳ್ಳುವ ರೆಡಿಸ್ ಇಡಿ. ಬಹುವಚನ, ಅನುವಾದವಿಲ್ಲದಾಗಿನ ಬದಲಿ ಪಠ್ಯ, ಎಲ್ಲ ನೀವೇ ಬರೆಯಬೇಕು.

ಸಾಲದ ಬಡ್ಡಿದರದ ಸೂಚನೆ, ರಜೆಯ ಪ್ರಕಟಣೆ ಮಾತ್ರ ಟೇಬಲ್‌ಗೆ ಹಾಕಿ, ಉಳಿದದ್ದು ಪಿಒದಲ್ಲಿರಲಿ.